ದುಡಿಮೆಯ ದಾರಿ ಯಾರ ಹೊಣೆ?

ದುಡಿಯುವವರು ಕೆಲಸದ ಸ್ಥಳಕ್ಕೆ ಯಾವ ವಾಹನದಲ್ಲಿ ಹೋಗಬೇಕೆಂಬುದು ಅವರವರ ಅನುಕೂಲಕ್ಕೂ ಜೇಬಿಗೂ ಬಿಟ್ಟ ವಿಚಾರ ಎಂಬ ತಿಳಿವಳಿಕೆ ಸಾರಿಗೆಯ ಚರ್ಚೆಗಳಲ್ಲಿ ಬಹುಕಾಲದಿಂದ ನೆಲೆಯೂರಿದೆ. ಸರ್ಕಾರ ರಸ್ತೆ ಮಾಡಿಕೊಡುತ್ತದೆ, ಬಸ್ಸು ರೈಲುಗಳನ್ನು ಓಡಿಸುತ್ತದೆ, ಯಾವುದನ್ನು ಬಳಸಬೇಕೆಂದು ಜನ ತೀರ್ಮಾನಿಸುತ್ತಾರೆ ಎಂಬುದು ಇದರ ಸಾರ. ತುಮಕೂರಿನ ಉತ್ತರಕ್ಕೆ, ಶಿರಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿ ಬೆಳೆದಿರುವ ವಸಂತನರಸಾಪುರ ಕೈಗಾರಿಕಾ ಪ್ರದೇಶವನ್ನು ಕಣ್ಣಮುಂದಿಟ್ಟುಕೊಂಡು ಪರಿಶೀಲಿಸಿದರೆ ಈ ವಾದ ನಿಲ್ಲುವುದಿಲ್ಲ. ಪಾಳಿ ಶುರುವಾಗುವ ಹೊತ್ತು, ಹೆದ್ದಾರಿಯಿಂದ ಕಾರ್ಖಾನೆಯ ಗೇಟಿಗಿರುವ ದೂರ ಮತ್ತು ರೈಲುಹಳಿಗಳು ಹೋಗಿರುವ ದಿಕ್ಕು, ಈ ಮೂರೂ ಸೇರಿ ಅಲ್ಲಿನ ಕಾರ್ಮಿಕರ ಆಯ್ಕೆಯನ್ನು ಅವರಿಗಿಂತ ಮೊದಲೇ ಮಾಡಿಬಿಟ್ಟಿವೆ.

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ರೂಪಿಸಿದ ಈ ಪ್ರದೇಶದಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿಯವರು ಫುಡ್ ಪಾರ್ಕ್ ಉದ್ಘಾಟಿಸಿದರು. ಯಂತ್ರೋಪಕರಣ ತಯಾರಿಕೆಗೆಂದು ಮಷೀನ್ ಟೂಲ್ ಪಾರ್ಕ್, ಜಪಾನಿನ ಉದ್ದಿಮೆಗಳಿಗೆಂದು ಪ್ರತ್ಯೇಕ ಟೌನ್‌ಶಿಪ್ ಇಲ್ಲಿಯೇ ಬಂದವು. 2023ರ ಫೆಬ್ರವರಿ 6ರಂದು ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಅಂಗವಾಗಿ, ಮೂರು ಹಂತಗಳಲ್ಲಿ 8,484 ಎಕರೆಗೆ ವ್ಯಾಪಿಸಲಿರುವ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಶಂಕುಸ್ಥಾಪನೆಯಾಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯೂ ಲೋಕಾರ್ಪಣೆಗೊಂಡಿತು. ಕೈಗಾರಿಕಾ ಕಾರಿಡಾರ್ ಎಂದರೆ ಎರಡು ದೊಡ್ಡ ನಗರಗಳನ್ನು ಬೆಸೆಯುವ ಸಾರಿಗೆ ಮಾರ್ಗದ ಉದ್ದಕ್ಕೂ ಉತ್ಪಾದನಾ ಕೇಂದ್ರಗಳನ್ನು ಯೋಜಿತವಾಗಿ ಬೆಳೆಸುವ ಏರ್ಪಾಡು. ಈ ವ್ಯಾಖ್ಯೆಯಲ್ಲೇ ಸಾರಿಗೆ ಇದೆ, ಆದರೆ ಅದು ಮುಖ್ಯವಾಗಿ ಸರಕಿನ ಸಾರಿಗೆ. ಕಚ್ಚಾ ಮಾಲು ಎಲ್ಲಿಂದ ಬರುತ್ತದೆ, ಸಿದ್ಧ ಮಾಲು ಯಾವ ಬಂದರಿಗೆ ಹೋಗುತ್ತದೆ ಎಂಬುದಕ್ಕೆ ಮೊದಲೇ ಲೆಕ್ಕ ಹಾಕಲಾಗುತ್ತದೆ. ಬೆಳಗಿನ ಪಾಳಿಗೆ ಬರಬೇಕಾದ ಹೆಣ್ಣುಮಗಳು ನಸುಕಿನಲ್ಲಿ ಯಾವ ಬಸ್ಸು ಹತ್ತಬೇಕು ಎಂಬ ಪ್ರಶ್ನೆ ಮಾತ್ರ ಕಾರ್ಖಾನೆ ಶುರುವಾದ ಮೇಲೆ ನೋಡಿಕೊಳ್ಳುವ ವಿಷಯವಾಗಿ ಉಳಿದುಬಿಡುತ್ತದೆ.

ಜಿಲ್ಲೆಯ ನಕ್ಷೆಯನ್ನು ಹರಡಿಕೊಂಡು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಗುಬ್ಬಿ ಬೆಂಗಳೂರು–ಅರಸೀಕೆರೆ ರೈಲುಮಾರ್ಗದ ಮೇಲಿದ್ದು, ಅಲ್ಲಿಂದ ತುಮಕೂರಿಗೆ ರೈಲಿನಲ್ಲಿ ಬರಬಹುದು. ಆದರೆ ತುಮಕೂರು ನಿಲ್ದಾಣದಲ್ಲಿ ಇಳಿದವರು ಅಲ್ಲಿಂದ ನಗರವನ್ನು ದಾಟಿ ಉತ್ತರಕ್ಕೆ ಮತ್ತಷ್ಟು ದೂರ ಸಾಗಬೇಕು. ಕುಣಿಗಲ್ಲಿನ ಸ್ಥಿತಿ ಇನ್ನೂ ವಿಚಿತ್ರವಾದದ್ದು. 2017ರಲ್ಲಿ ಬೆಂಗಳೂರು–ಹಾಸನ ನೇರ ರೈಲು ಓಡತೊಡಗಿದ ಮೇಲೆ ಕುಣಿಗಲ್ಲಿನವರಿಗೆ ರಾಜಧಾನಿಗೆ ಹಳಿಯ ದಾರಿ ದೊರೆಯಿತು, ತಮ್ಮದೇ ಜಿಲ್ಲಾ ಕೇಂದ್ರಕ್ಕೆ ದೊರೆಯಲಿಲ್ಲ. ಹೀಗಾಗಿ ಕುಣಿಗಲ್ ಕಡೆಯ ಹಳ್ಳಿಯ ಐಟಿಐ ಕಲಿತ ಯುವಕನಿಗೆ ಪಕ್ಕದ ತಾಲ್ಲೂಕಿನ ಕಾರ್ಖಾನೆಗಿಂತ ಬೆಂಗಳೂರಿನ ಬಾಡಿಗೆ ಕೋಣೆಯೇ ಹತ್ತಿರವೆನಿಸಿದರೆ ಅದರಲ್ಲಿ ಅವನ ತಪ್ಪೇನೂ ಇಲ್ಲ. ಜಿಲ್ಲೆಯ ಜನರಿಗೆ ಜಿಲ್ಲೆಯಲ್ಲೇ ಉದ್ಯೋಗ ಎಂಬ ಭರವಸೆಯ ಮೇಲೆ ರೈತರಿಂದ ಭೂಮಿ ಪಡೆಯುವ ಯೋಜನೆಗಳು, ಆ ಜನ ಉದ್ಯೋಗದ ಬಾಗಿಲಿಗೆ ತಲುಪುವ ದಾರಿಯನ್ನು ಅಷ್ಟೇ ಕಾಳಜಿಯಿಂದ ಕಟ್ಟದಿದ್ದರೆ ಆ ಭರವಸೆ ಅರ್ಧ ಮಾತ್ರ ಈಡೇರಿದಂತೆ.

ಬಸ್ಸಿನ ವಿಷಯಕ್ಕೆ ಬಂದರೆ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ದುಡಿಯುವ ಹೆಣ್ಣುಮಕ್ಕಳ ಪ್ರಯಾಣದಲ್ಲಿ ಇತ್ತೀಚಿನ ಅತಿದೊಡ್ಡ ಬದಲಾವಣೆ ಎಂಬುದರಲ್ಲಿ ಸಂದೇಹವಿಲ್ಲ. ರಾಜ್ಯ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಟಿಕೆಟ್ ದರವಿಲ್ಲದ ಪ್ರಯಾಣ ಒದಗಿಸಿದ ಈ ಯೋಜನೆಯನ್ನು ಬಿಟ್ಟಿ ಭಾಗ್ಯವೆಂದು ಹಳಿಯುವವರು, ಗಾರ್ಮೆಂಟ್ಸ್ ಅಥವಾ ಆಹಾರ ಸಂಸ್ಕರಣಾ ಘಟಕದಲ್ಲಿ ದುಡಿಯುವವಳ ತಿಂಗಳ ಸಂಬಳದಲ್ಲಿ ಬಸ್ ಚಾರ್ಜಿನ ಪಾಲು ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಆದರೆ ಉಚಿತ ಟಿಕೆಟ್ಟಿನ ಬೆಲೆ ಬಸ್ಸು ಬರುವಲ್ಲಿಗಷ್ಟೇ ಸೀಮಿತ. ಪಾಳಿಗಳಲ್ಲಿ ನಡೆಯುವ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ ಜನ ಬದಲಾಗುತ್ತಾರೆ. ಹಳ್ಳಿಯ ಬಸ್ಸುಗಳ ವೇಳಾಪಟ್ಟಿಯಾದರೋ ಶಾಲೆ, ಕಾಲೇಜು, ತಾಲ್ಲೂಕು ಕಚೇರಿಯ ಹೊತ್ತಿಗೆ ಹೊಂದಿಕೊಂಡು ಬೆಳೆದದ್ದು. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿ ಗೇಟಿನಿಂದ ಹೊರಬಿದ್ದವರು ಟಿಫಿನ್ ಡಬ್ಬಿಯ ಚೀಲ ಹಿಡಿದು ಲಾರಿಗಳ ನಡುವೆ ಹೆದ್ದಾರಿಯ ತನಕ ನಡೆಯಬೇಕು. ಅಲ್ಲಿ ವೇಗವಾಗಿ ಸಾಗುವ ದೂರದೂರಿನ ಬಸ್ಸು ಕೈ ಅಡ್ಡ ಮಾಡಿದರೆ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ನಿಲ್ದಾಣದಿಂದ ಕೆಲಸದ ಜಾಗಕ್ಕಿರುವ ಈ ಸಣ್ಣ ಅಂತರವನ್ನು ಸಾರಿಗೆ ತಜ್ಞರು ಕೊನೆಯ ಮೈಲಿ ಎನ್ನುತ್ತಾರೆ. ನೂರಾರು ಎಕರೆಗಳಲ್ಲಿ ಹರಡಿಕೊಂಡ ಕೈಗಾರಿಕಾ ಪ್ರದೇಶದಲ್ಲಿ ಆ ಮೈಲಿಯೇ ಇಡೀ ಪ್ರಯಾಣದ ಅತ್ಯಂತ ಕಷ್ಟದ ಭಾಗ.

ಬೈಕು ಗೆದ್ದಿರುವುದು ಇಲ್ಲಿಯೇ. ಪಾಳಿ ಎಷ್ಟು ಹೊತ್ತಿಗಿದ್ದರೂ ಅದು ಮನೆ ಬಾಗಿಲಿನಿಂದ ಗೇಟಿನವರೆಗೆ ಕೊಂಡೊಯ್ಯುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡಾಡುವವರ ಬೈಕು ಲೀಟರಿಗೆ 50 ಕಿಲೋಮೀಟರ್ ಕೊಟ್ಟರೆ, ಪೆಟ್ರೋಲ್ ದರ ನೂರು ರೂಪಾಯಿ ದಾಟಿರುವಾಗ, ಇಪ್ಪತ್ತಾರು ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಖರ್ಚಾಗುತ್ತದೆ. ಇದರ ಮೇಲೆ ಸಾಲದ ಕಂತು, ವಿಮೆ, ರಿಪೇರಿ. ವಿದ್ಯುತ್ ಸ್ಕೂಟರ್‌ಗಳು ಇಂಧನದ ಖರ್ಚನ್ನು ಬಹುಮಟ್ಟಿಗೆ ಇಳಿಸುತ್ತವೆ ಎಂಬುದು ನಿಜವಾದರೂ, ನಿದ್ದೆಗೆಟ್ಟ ಸವಾರನಿಗೆ ಹೆದ್ದಾರಿಯಲ್ಲಿ ಕಾದಿರುವ ಅಪಾಯವನ್ನು ಅವು ಇಳಿಸುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದೂ ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರೆಂದೂ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇಷ್ಟು ಅಪಾಯವನ್ನು ಯಾರೂ ಇಷ್ಟಪಟ್ಟು ಆರಿಸಿಕೊಳ್ಳುವುದಿಲ್ಲ.

ಈ ಪ್ರಯಾಣ ಕೇವಲ ಖಾಸಗಿ ವಿಷಯವಲ್ಲವೆಂದು ಕಾನೂನು ಆಗಲೇ ಒಪ್ಪಿಕೊಂಡಿದೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ಅನ್ವಯಿಸುತ್ತಿದ್ದ ನೌಕರರ ರಾಜ್ಯ ವಿಮಾ ಕಾಯ್ದೆಗೆ, ಅಂದರೆ ಇಎಸ್‌ಐ ಕಾಯ್ದೆಗೆ, 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಮರಳುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಮಯ, ಸ್ಥಳ, ಸಂದರ್ಭಗಳ ಸಂಬಂಧವಿದ್ದರೆ ಅದು ಕೆಲಸದ ಅವಧಿಯ ಅಪಘಾತವೇ ಎನಿಸಿತು. ಬೆಳಗಿನ ಜಾವ 3 ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟು ದಾರಿಯಲ್ಲೇ ಪ್ರಾಣ ಕಳೆದುಕೊಂಡ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಇದೇ ತತ್ವವನ್ನು 1923ರ ನೌಕರರ ಪರಿಹಾರ ಕಾಯ್ದೆಗೂ ವಿಸ್ತರಿಸಿತು. ಮಹಿಳೆಯರಿಗೆ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಗೆ ಅವಕಾಶ ಕೊಟ್ಟ 2019ರ ರಾಜ್ಯ ಸರ್ಕಾರದ ಅಧಿಸೂಚನೆಯಲ್ಲಿಯೂ ವಾಹನ ವ್ಯವಸ್ಥೆ ಮಾಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಲಾಗಿದೆ. ಸತ್ತ ಮೇಲೆ ಕೆಲಸದ ಭಾಗವಾಗುವ ದಾರಿ, ಬದುಕಿರುವಾಗಲೂ ಕೆಲಸದ ಭಾಗವೇ ಆಗಬೇಕಲ್ಲವೇ?

ದೊಡ್ಡ ಕಂಪನಿಗಳು ತಮ್ಮದೇ ಬಸ್ಸು ಓಡಿಸುತ್ತವೆ, ಹಾಗಾಗಿ ಸರ್ಕಾರಕ್ಕೆ ಇದರ ಗೊಡವೆ ಬೇಡ ಎಂಬ ಆಕ್ಷೇಪ ಕೇಳಿಬರುವುದುಂಟು. ಈ ವಾದ ಸಣ್ಣ ಘಟಕಗಳನ್ನೂ ಗುತ್ತಿಗೆ ಕಾರ್ಮಿಕರನ್ನೂ ಮರೆಯುತ್ತದೆ. ಮೂವತ್ತು ಜನರ ವರ್ಕ್‌ಶಾಪ್ ಮೂರು ದಿಕ್ಕಿಗೆ ಬಸ್ಸು ಕಳಿಸಲಾರದು. ಫ್ರಾನ್ಸಿನಲ್ಲಿ 1971ರಲ್ಲಿ ಪ್ಯಾರಿಸ್ ಪ್ರದೇಶದಿಂದ ಆರಂಭವಾದ ವ್ಯವಸ್ಥೆಯಲ್ಲಿ ಉದ್ದಿಮೆಗಳು ತಾವು ಕೊಡುವ ವೇತನದ ಮೊತ್ತದ ಮೇಲೆ ಸಾರಿಗೆ ವಂತಿಗೆ ಕಟ್ಟುತ್ತವೆ, ಆ ಹಣ ಸಾರ್ವಜನಿಕ ಬಸ್ಸು ರೈಲುಗಳಿಗೆ ಹೋಗುತ್ತದೆ. ಜಪಾನಿನಲ್ಲಿ ಕಾರ್ಮಿಕರ ಓಡಾಟದ ಖರ್ಚನ್ನು ಕಂಪನಿ ಕೊಡುವುದು ರೂಢಿಯಾಗಿಬಿಟ್ಟಿದೆ. ಜಪಾನಿನ ಬಂಡವಾಳಕ್ಕೆ ಜಾಗ ಮೀಸಲಿಟ್ಟ ವಸಂತನರಸಾಪುರ ಆ ದೇಶದ ಈ ರೂಢಿಯನ್ನೂ ಬರಮಾಡಿಕೊಳ್ಳಬಹುದಿತ್ತು. ಘಟಕಗಳೆಲ್ಲ ತಮ್ಮ ಕಾರ್ಮಿಕರ ಸಂಖ್ಯೆಗೆ ತಕ್ಕಂತೆ ಒಂದು ಸಾಮಾನ್ಯ ನಿಧಿಗೆ ಹಣ ಕೂಡಿಸಿ, ಆ ನಿಧಿಯಿಂದ ಕೆಎಸ್‌ಆರ್‌ಟಿಸಿಯ ತುಮಕೂರು ವಿಭಾಗ ಪಾಳಿಗೆ ಹೊಂದುವ ಬಸ್ಸುಗಳನ್ನು ಓಡಿಸಿದರೆ ನಿಗಮಕ್ಕೆ ನಷ್ಟದ ಭಯವೂ ಇರುವುದಿಲ್ಲ, ಶಕ್ತಿ ಯೋಜನೆಯ ಪ್ರಯೋಜನವೂ ಗೇಟಿನವರೆಗೆ ತಲುಪುತ್ತದೆ.

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದ ಮೇಲೆ ಅದನ್ನು ತುಮಕೂರಿಗೆ ವಿಸ್ತರಿಸುವ ಪ್ರಸ್ತಾಪ ಜಿಲ್ಲೆಯ ಸಾರಿಗೆ ಚರ್ಚೆಯನ್ನೆಲ್ಲ ಆವರಿಸಿಕೊಂಡಿದೆ. ಬೆಂಗಳೂರಿಗೆ ದಿನವೂ ಹೋಗಿಬರುವವರ ಬವಣೆ ಸಣ್ಣದಲ್ಲ. ಆದರೆ ಆ ಮಾರ್ಗವೂ ರಾಜಧಾನಿಯತ್ತಲೇ ಮುಖ ಮಾಡಿದೆ. ತುಮಕೂರಿನಿಂದ ಶಿರಾ, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಸಾಗಬೇಕಾದ ಹೊಸ ರೈಲುಮಾರ್ಗ ಕೈಗಾರಿಕಾ ಪ್ರದೇಶದ ದಿಕ್ಕಿನಲ್ಲೇ ಹೋಗುತ್ತದೆ. ಪಾಳಿಯ ಹೊತ್ತಿಗೆ ಗುಬ್ಬಿಯಿಂದ ಹೊರಟು ತುಮಕೂರಿನಲ್ಲಿ ನಿಂತು ಆ ಹೊಸ ಹಳಿಯ ಮೇಲೆ ಮುಂದುವರಿಯುವ ಒಂದು ಮೆಮು ರೈಲಿನ ಬಗ್ಗೆ ಜಿಲ್ಲೆಯ ಜನಪ್ರತಿನಿಧಿಗಳು ಮೆಟ್ರೊದಷ್ಟೇ ಹಟದಿಂದ ಕೇಳಬೇಕು. ಟೌನ್‌ಶಿಪ್‌ನ ಉಳಿದ ಹಂತಗಳಲ್ಲಿ ನಿವೇಶನ ಹಂಚುವ ಮೊದಲೇ ಬಸ್ ನಿಲ್ದಾಣಕ್ಕೂ ದೀಪವಿರುವ ಕಾಲುದಾರಿಗೂ ನಕ್ಷೆಯಲ್ಲಿ ಜಾಗ ಗುರುತಿಸಬೇಕು. ಕಾರ್ಖಾನೆಗಳ ಕಾಂಪೌಂಡ್ ಎದ್ದ ಮೇಲೆ ಆ ಜಾಗ ಸಿಗುವುದಿಲ್ಲ.