ಅರ್ಜಿ ಹಾಕುವ ಮುನ್ನ

ನಿಮ್ಮ ಮಗನೋ ಮಗಳೋ ಡಿಗ್ರಿ ಮುಗಿಸಿ, ‘ಕಾಲ್‌ಫಾರ್ ಆಗಲಿ, ಆಮೇಲೆ ನೋಡೋಣ’ ಎಂದು ಮನೆಯಲ್ಲಿ ಕುಳಿತಿದ್ದಾರೆಯೇ? ಹಾಗಾದರೆ ಈ ಮಾತು ನಿಮಗಾಗಿ. ಪರೀಕ್ಷೆಯಲ್ಲಿ ಗೆದ್ದವರು ಕಾಗದಪತ್ರದಲ್ಲಿ ಸೋಲಬಾರದು.

ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಒಂದು ದೊಡ್ಡ ಅವಕಾಶವಿದೆ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರಂತೆ 2013ರಲ್ಲಿ ಹೊರಟ ಆದೇಶವು ನಮ್ಮ ಭಾಗದ ಸರಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ‘ಸಿ’ ಗುಂಪಿನಲ್ಲಿ ಶೇ. 80, ‘ಡಿ’ ಗುಂಪಿನಲ್ಲಿ ಶೇ. 85 ಪಾಲು ಕೊಟ್ಟಿದೆ. ಆದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಈ ಹಕ್ಕು ಕೈಸೇರದು. ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಬೇಕು.

ಇನ್ನು ಜಾತಿ-ಆದಾಯ ಪ್ರಮಾಣಪತ್ರ. 2ಬಿಯವರಿಗೆ ನಮೂನೆ ‘ಎಫ್’. ನದಾಫ್, ಪಿಂಜಾರರು ಪ್ರವರ್ಗ-1ಕ್ಕೆ ಸೇರಿದವರು, ಅವರಿಗೆ ನಮೂನೆ ‘ಇ’. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರು ಗ್ರಾಮೀಣ ಮೀಸಲಾತಿ ಕೇಳಬಹುದು. ಉರ್ದು ಮಾಧ್ಯಮದವರಿಗೂ ಇದು ಅನ್ವಯಿಸುತ್ತದೆ. ಇದಕ್ಕೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಅರ್ಜಿಯ ಕೊನೆಯ ದಿನದೊಳಗೆ ಪಡೆದ ಪ್ರಮಾಣಪತ್ರಗಳನ್ನೇ ಕೇಳುತ್ತಾರೆ ಎಂಬುದು ನೆನಪಿರಲಿ. ಅಧಿಸೂಚನೆ ಬಂದ ಮೇಲೆ ಕಚೇರಿಗೆ ಓಡಿದರೆ ದಿನಗಳು ಸಾಲುವುದಿಲ್ಲ.

ಈಗ ಹೆಸರನ್ನು ನೋಡಿ. ಅಂಕಪಟ್ಟಿಯಲ್ಲಿ ‘ಶೇಖ್’ ಇದ್ದು ಆಧಾರ್‌ನಲ್ಲಿ ಇಲ್ಲದಿರಬಹುದು. ಒಂದರಲ್ಲಿ ‘ಬೇಗಂ’, ಇನ್ನೊಂದರಲ್ಲಿ ‘ಬಿ’ ಇರಬಹುದು. ತಂದೆಯ ಹೆಸರಿನಲ್ಲೂ ಹೀಗೆಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯೇ ತಪ್ಪಾಗಿದ್ದರೆ ಶಾಲೆಯ ಮುಖ್ಯ ಶಿಕ್ಷಕರನ್ನು ಕಾಣಿ. ಮದುವೆಯಾದ ಹೆಣ್ಮಕ್ಕಳು ಹೆಸರು ಬದಲಿಸಲು ಆತುರಪಡಬೇಡಿ. ತಾಯಂದಿರೇ, ಮಗಳ ಕಾಗದಗಳನ್ನೂ ಮಗನದರಷ್ಟೇ ಜೋಪಾನವಾಗಿ ಒಂದೇ ಫೈಲಿನಲ್ಲಿಡಿ.

ಕೊನೆಯದಾಗಿ ಭಾಷೆಯ ಮಾತು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ರಾಜ್ಯದ ಅನೇಕ ನೇಮಕಾತಿಗಳಲ್ಲಿ 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆ ಇರುತ್ತದೆ. ಅದರಲ್ಲಿ 50 ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಅಂಕ ಬಂದರೂ ಪ್ರಯೋಜನವಿಲ್ಲ. ದಿನಕ್ಕೊಂದು ಪುಟ ಕನ್ನಡ ಪತ್ರಿಕೆ ಓದಿ, ವಾರಕ್ಕೊಂದು ಪತ್ರ, ಒಂದು ಪ್ರಬಂಧ ಬರೆದು ಬಲ್ಲವರಿಗೆ ತೋರಿಸಿ. ಆರು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಕಾಣುತ್ತದೆ.

ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದುಆ ಖಂಡಿತ ಮಾಡೋಣ. ಅದರ ಜೊತೆಗೆ ಈ ವಾರವೇ ಆ ಫೈಲನ್ನು ತೆರೆದು, ಯಾವ ಕಾಗದ ಇದೆ, ಯಾವುದು ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.