ರೋಗ ವಾಸಿಯಾದರೂ ವೈರಸ್ ಉಳಿದೀತು

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಊರಿಗಾಂನಿಂದ ಬಂಗಾರಪೇಟೆಯವರೆಗಿನ ಹಳ್ಳಿಗಳಲ್ಲಿ ಸಣ್ಣ ರೈತ ನೆಚ್ಚಿಕೊಂಡಿರುವ ಆದಾಯವೆಂದರೆ ಹಾಲು. ಮಳೆ ಕೈಕೊಟ್ಟ ವರ್ಷವೂ ಡೇರಿಯ ಬಟವಾಡೆ ಮನೆ ನಡೆಸುತ್ತದೆ. ಆ ಬಟವಾಡೆಯನ್ನು ವಾರದೊಳಗೆ ನಿಲ್ಲಿಸಬಲ್ಲ ರೋಗ ಕಾಲುಬಾಯಿ ಜ್ವರ. 2013ರಲ್ಲಿ ಅದು ಕೋಲಾರವೂ ಸೇರಿದಂತೆ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತು.

ಬಾಯಿಯ ಹುಣ್ಣು ಮಾಯ್ದು, ಗೊರಸಿನ ಗಾಯ ಒಣಗಿದರೆ ರೋಗ ಹೋಯಿತೆಂದು ನಾವು ಭಾವಿಸುತ್ತೇವೆ. ವೈರಸ್ಸಿನ ಲೆಕ್ಕ ಬೇರೆ. ಸೋಂಕು ತಗಲಿ 28 ದಿನ ಕಳೆದ ಮೇಲೂ ಗಂಟಲಿನಲ್ಲಿ ಜೀವಂತ ವೈರಸ್ ಇರುವ ಪ್ರಾಣಿಯನ್ನು ತಜ್ಞರು ‘ವಾಹಕ’ ಎನ್ನುತ್ತಾರೆ. ದನಗಳಲ್ಲಿ ಈ ಸ್ಥಿತಿ ಮೂರೂವರೆ ವರ್ಷದವರೆಗೂ, ಕುರಿ-ಮೇಕೆಗಳಲ್ಲಿ ಒಂಬತ್ತು ತಿಂಗಳವರೆಗೂ ಮುಂದುವರಿಯಬಹುದು, ಹಂದಿಗಳಲ್ಲಿ ಹೀಗಾಗುವುದಿಲ್ಲ. ರಕ್ತದಲ್ಲಿ ಪ್ರತಿಕಾಯಗಳು ಸಾಕಷ್ಟಿದ್ದರೂ ಗಂಟಲಿನ ಒಳಪದರದಲ್ಲಿ ಅಡಗಿದ ವೈರಸ್ಸನ್ನು ಅವು ಪೂರ್ತಿ ತೊಡೆದುಹಾಕಲಾರವು. ಲಸಿಕೆ ಪಡೆದ ರಾಸು ಕೂಡ ಸೋಂಕಿಗೆ ಒಡ್ಡಿಕೊಂಡರೆ, ಕಾಯಿಲೆ ಬೀಳದೆಯೇ ವಾಹಕವಾಗಬಹುದು.

ಇದರಿಂದ ಎರಡು ತಪ್ಪು ತೀರ್ಮಾನಗಳಿಗೆ ಬರುವ ಅಪಾಯವಿದೆ. ಲಸಿಕೆಯೇ ವ್ಯರ್ಥ ಎಂಬುದು ಒಂದು. ವಾಹಕಗಳನ್ನು ಕೊಂದೇ ರೋಗ ನೀಗಬೇಕೆಂಬುದು ಇನ್ನೊಂದು. ಆಫ್ರಿಕಾದ ಕಾಡೆಮ್ಮೆಗಳು ದನಗಳಿಗೆ ಸೋಂಕು ದಾಟಿಸುವುದು ಸಾಬೀತಾಗಿದೆ. ಆದರೆ ವಾಹಕ ಹಸುವಿನಿಂದ ಇನ್ನೊಂದು ಹಸುವಿಗೆ ರೋಗ ಹರಡುವುದನ್ನು ಪ್ರಯೋಗಗಳು ಖಚಿತವಾಗಿ ತೋರಿಸಿಲ್ಲ. ಜೊಲ್ಲು ಸುರಿಸುತ್ತ ನಿಂತ ರೋಗಿ ರಾಸೇ ಹೆಚ್ಚು ಅಪಾಯಕಾರಿ. 2001ರಲ್ಲಿ ಬ್ರಿಟನ್ ಲಸಿಕೆಯನ್ನು ಒಲ್ಲದೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದಿತು. ಅದೇ ವರ್ಷ ಉರುಗ್ವೆ ದೇಶದ ಎಲ್ಲ ದನಗಳಿಗೂ ಲಸಿಕೆ ಹಾಕಿಸಿ ಕೆಲವೇ ತಿಂಗಳಲ್ಲಿ ರೋಗವನ್ನು ಹತ್ತಿಕ್ಕಿತು. ಹಿಂಡಿನಲ್ಲಿ ರೋಗನಿರೋಧಕ ಶಕ್ತಿ ಬಲವಾಗಿದ್ದರೆ, ಅಡಗಿದ ವೈರಸ್ಸಿಗೆ ಹರಡಲು ದಾರಿ ಸಿಗುವುದಿಲ್ಲ. ಒಂದೆರಡು ಹಸುಗಳನ್ನೇ ನಂಬಿದ ಕುಟುಂಬಗಳ ನಾಡಿಗೆ ಒಪ್ಪುವುದು ಈ ಎರಡನೆಯ ಮಾರ್ಗವೇ.

ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ, ಕಂದುರೋಗವನ್ನೂ ಸೇರಿಸಿ, ಐದು ವರ್ಷಗಳಿಗೆ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2025ರ ಹೊತ್ತಿಗೆ ನಿಯಂತ್ರಣ, 2030ರ ಹೊತ್ತಿಗೆ ನಿರ್ಮೂಲನ ಅದರ ಗುರಿ. ಹಣವಿದೆ, ಲಸಿಕೆಯಿದೆ. ಕೊರತೆ ಎಲ್ಲಿದೆ? ಆಡಳಿತದಲ್ಲಿ ದೀರ್ಘಕಾಲ ದುಡಿದ ನಾನು ಕಂಡಂತೆ, ಎಣಿಸಲು ಸುಲಭವಾದದ್ದೇ ಕಡತದಲ್ಲಿ ಸಾಧನೆಯಾಗಿಬಿಡುತ್ತದೆ. ಹಾಕಿದ ಡೋಸುಗಳನ್ನು ಎಣಿಸುತ್ತೇವೆ. ಹುಟ್ಟಿದ ರೋಗನಿರೋಧಕ ಶಕ್ತಿಯನ್ನು ಅಳೆಯುವುದು ಹಿಂದೆ ಬೀಳುತ್ತದೆ. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡದ ಲಸಿಕೆಯೂ ಲೆಕ್ಕದಲ್ಲಿ ಒಂದು ಡೋಸೇ. ಆರು ತಿಂಗಳಿಗೊಮ್ಮೆ ಬರಬೇಕಾದ ಸುತ್ತು ತಡವಾದರೆ ವೈರಸ್ ಕಾಯುವುದಿಲ್ಲ.

ಅಳೆಯುವ ಸಾಧನ ನಮ್ಮಲ್ಲಿಲ್ಲವೆಂದಲ್ಲ. ಶುದ್ಧೀಕರಿಸಿದ ಲಸಿಕೆಯಿಂದ ಮೂಡುವ ಪ್ರತಿಕಾಯಗಳನ್ನೂ ನಿಜವಾದ ಸೋಂಕಿನಿಂದ ಮೂಡುವವನ್ನೂ ಬೇರ್ಪಡಿಸಿ ತೋರಿಸುವ ರಕ್ತಪರೀಕ್ಷೆಯನ್ನು ಭಾರತೀಯ ವಿಜ್ಞಾನಿಗಳೇ ರೂಪಿಸಿದ್ದಾರೆ. ಮುಂದಿನ ಏಕಾಏಕಿ ಹಾವಳಿಗೆ ಮುನ್ನವೇ ವೈರಸ್ ಎಲ್ಲಿ ಸುಳಿದಾಡುತ್ತಿದೆಯೆಂದು ಅದು ಹೇಳಬಲ್ಲದು. ಪ್ರತಿ ಸುತ್ತಿನ ನಂತರ ತಾಲ್ಲೂಕುವಾರು ಫಲಿತಾಂಶಗಳನ್ನು ಡೇರಿಯ ಫಲಕದಲ್ಲಿ ಹಾಕಲು ಏನು ಅಡ್ಡಿ?

ರೈತರ ಹಿಂಜರಿಕೆಯನ್ನೂ ಅರಿಯಬೇಕು. ಸೂಜಿ ಚುಚ್ಚಿದ ಒಂದೆರಡು ದಿನ ಹಾಲು ಕಡಿಮೆಯಾದೀತೆಂಬುದು ಅವರ ಆತಂಕ. ನಷ್ಟ ಅವರದು, ಲಾಭ ಇಡೀ ಊರಿನದು. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇಂಥ ಕಡೆ ಉಪದೇಶಕ್ಕಿಂತ ಪರಿಹಾರ ಮೇಲು. ಆ ಎರಡು ದಿನಗಳ ನಷ್ಟವನ್ನು ಸರ್ಕಾರವೂ ಹಾಲು ಒಕ್ಕೂಟವೂ ಹಂಚಿಕೊಂಡರೆ ಯಾವ ಕೊಟ್ಟಿಗೆಯೂ ಹೊರಗುಳಿಯದು. ಆಂಧ್ರಪ್ರದೇಶ, ತಮಿಳುನಾಡುಗಳೆರಡೂ ಇಲ್ಲಿಗೆ ಕೂಗಳತೆಯಲ್ಲಿವೆ; ಸಂತೆಗೆ, ಆವಣಿಯಂತಹ ದನಗಳ ಜಾತ್ರೆಗೆ ಬರುವ ರಾಸುಗಳು ಗಡಿಯನ್ನು ಗಮನಿಸುವುದಿಲ್ಲ. ಆದ್ದರಿಂದ ಮೂರೂ ರಾಜ್ಯಗಳ ಗಡಿ ತಾಲ್ಲೂಕುಗಳಲ್ಲಿ ಒಂದೇ ಹೊತ್ತಿಗೆ ಲಸಿಕೆ ನಡೆಯಬೇಕು.

ಹಾವಳಿ ಎದ್ದಾಗ ಓಡಾಡುವುದು ಆಡಳಿತಕ್ಕೆ ಅಭ್ಯಾಸವಾಗಿದೆ. ಈ ವೈರಸ್ ಕೇಳುವುದು ಹಾವಳಿಯಿಲ್ಲದ ವರ್ಷಗಳ ಎಚ್ಚರವನ್ನು.