ಥರ್ಮಾಕೋಲಿನ ಗದೆಯೂ ರನ್ನನ ದುರ್ಯೋಧನನೂ

ಕಳೆದ ವರ್ಷ ಪ್ರೌಢಶಾಲೆಯೊಂದರ ಕನ್ನಡ ಪ್ರಾಜೆಕ್ಟ್ ಪ್ರದರ್ಶನಕ್ಕೆ ಅತಿಥಿಯಾಗಿ ಹೋಗಿದ್ದೆ. ವಿಷಯ ಗದಾಯುದ್ಧ. ಥರ್ಮಾಕೋಲಿನ ಗದೆಗಳು, ನೀಲಿ ಕಾಗದದ ವೈಶಂಪಾಯನ ಸರೋವರ, ಭೀಮ-ದುರ್ಯೋಧನರ ವಾಟ್ಸಾಪ್ ಸಂಭಾಷಣೆಯ ಚಾರ್ಟು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಗದೆ ಹಿಡಿದು ನಿಂತಿದ್ದ ಹುಡುಗನನ್ನು, ದುರ್ಯೋಧನ ಸರೋವರದಲ್ಲಿ ಅಡಗಿದ್ದೇಕೆಂದು ಕೇಳಿದೆ. ‘ಹೆದರಿಕೆಯಿಂದ ಸಾರ್’ ಎಂದ. ರನ್ನನ ದುರ್ಯೋಧನ ಹೆದರಿ ಅಡಗಿದವನಲ್ಲ. ಶರಶಯ್ಯೆಯ ಮೇಲಿದ್ದ ಭೀಷ್ಮರು ಆ ಒಂದು ದಿನವನ್ನು ಅಲ್ಲಿ ಕಳೆಯಬೇಕೆಂದಾಗ, ಅಜ್ಜನ ಮಾತನ್ನು ಮೀರಲಾರದೆ ಒಲ್ಲದ ಮನಸ್ಸಿನಿಂದ ನೀರಿಗಿಳಿದವನು. ಇಷ್ಟನ್ನು ತಿಳಿಯದೆಯೇ ಆ ಪ್ರಾಜೆಕ್ಟಿಗೆ ಪೂರ್ಣಾಂಕ ದೊರೆತಿತ್ತು.

ಹಾಗೆಂದು ಸೃಜನಶೀಲ ಚಟುವಟಿಕೆಗಳನ್ನೆಲ್ಲ ತೊರೆದು ಮತ್ತೆ ‘ಪದಶಃ ಅರ್ಥ, ಸಾರಾಂಶ’ಗಳಿಗೆ ಮರಳಬೇಕೆಂಬ ಹಿರಿಯರ ವಾದವನ್ನು ನಾನು ಒಪ್ಪುವುದಿಲ್ಲ. ಗೈಡಿನಿಂದ ಬಾಯಿಪಾಠ ಮಾಡಿದ ಸಾರಾಂಶವೂ ಥರ್ಮಾಕೋಲಿನ ಗದೆಯೂ ಒಂದೇ ಕುಲದವು. ಎರಡನ್ನೂ ಕೃತಿಯನ್ನು ಓದದೆ ಸಿದ್ಧಪಡಿಸಬಹುದು. ಕೃತಿಯನ್ನು ಓದದೆ ಮುಗಿಸಬಹುದಾದ ಯಾವ ಪ್ರಾಜೆಕ್ಟೂ ಸಾಹಿತ್ಯದ ಪಾಠವಲ್ಲ ಎಂಬುದಷ್ಟೇ ನನ್ನ ವಾದ.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. 1926ರಲ್ಲಿ ಬಿ.ಎಂ.ಶ್ರೀಯವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕ’ವಾಗಿಸಿದರು. ರನ್ನನಿಗೆ ಭೀಮನೇ ನಾಯಕ. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಅವನೊಡನೆ ಸಮೀಕರಿಸಿ ಕವಿ ‘ಸಾಹಸಭೀಮವಿಜಯ’ವನ್ನು ಹಾಡಿದ. ಶ್ರೀಯವರು ರನ್ನನ ಮಾತುಗಳನ್ನೇ ಆಯ್ದು ಜೋಡಿಸಿ ದುರ್ಯೋಧನನ ಪತನವನ್ನು ಕೇಂದ್ರಕ್ಕೆ ತಂದರು, ವಿಜಯಕಾವ್ಯ ರುದ್ರನಾಟಕವಾಯಿತು. ಕನ್ನಡದ ಅತ್ಯುತ್ತಮ ಸೃಜನಶೀಲ ಪ್ರಾಜೆಕ್ಟುಗಳಲ್ಲಿ ಇದೂ ಒಂದು. ಪ್ರತಿ ಪದ್ಯವನ್ನೂ ತೂಗಿ ನೋಡದೆ ಇದನ್ನು ಮಾಡಲಾಗುತ್ತಿರಲಿಲ್ಲ.

ಮಕ್ಕಳಿಗೂ ಇಂಥ ಕೆಲಸವನ್ನೇ ಕೊಡೋಣ. ರಣರಂಗದಲ್ಲಿ ದುರ್ಯೋಧನ ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಶವಗಳನ್ನು ಕಾಣುವ ಭಾಗದಿಂದ ಹತ್ತು ಪದ್ಯಗಳು ಸಾಕು. ರಂಗಕ್ಕೆ ಐದನ್ನು ಮಾತ್ರ ಉಳಿಸಿಕೊಳ್ಳಿ, ಉಳಿದವನ್ನು ಬಿಟ್ಟದ್ದೇಕೆಂದು ಬರೆಯಿರಿ ಎನ್ನೋಣ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿದು ಅಂಥದೇ ಮರಣವನ್ನು ಬೇಡುವ ಪದ್ಯವನ್ನು ಬಿಡಬಹುದೇ ಎಂದು ಅವರು ಜಗಳವಾಡಲಿ. ಸರೋವರದ ದಡದಲ್ಲಿ ಭೀಮನಾಡುವ ಮೂದಲಿಕೆಯನ್ನು ಒಬ್ಬಳು ಕ್ರೋಧದಿಂದ, ಇನ್ನೊಬ್ಬಳು ಗೆಲುವಿನ ಮದದಿಂದ ನುಡಿಯಲಿ. ಯಾವುದನ್ನು ಪದ್ಯ ಸಮರ್ಥಿಸುತ್ತದೆಂದು ತರಗತಿ ತೀರ್ಮಾನಿಸಲಿ. ಇದಕ್ಕೆ ಥರ್ಮಾಕೋಲು ಬೇಡ, ಪೋಷಕರ ಖರ್ಚೂ ಬೇಡ.

ಹಳಗನ್ನಡ ಮಕ್ಕಳಿಗೆ ಕಷ್ಟವೆಂಬ ಆಕ್ಷೇಪ ಬರುತ್ತದೆ. ಕಷ್ಟ ನಿಜ. ಆದರೆ ಆ ಕಷ್ಟವನ್ನು ಹಂತಹಂತವಾಗಿ ದಾಟಿಸುವುದಕ್ಕೇ ಅಧ್ಯಾಪಕನಿರುವುದು. ಅದನ್ನು ಬಣ್ಣದ ಕಾಗದದಿಂದ ಮುಚ್ಚಿದರೆ ಮಕ್ಕಳಿಗೆ ಉಳಿಯುವುದು ‘ದುಷ್ಟನಿಗೆ ತಕ್ಕ ಶಾಸ್ತಿ’ ಎಂಬ ನೀತಿವಾಕ್ಯ ಮಾತ್ರ. ಅದಕ್ಕೆ ರನ್ನನೂ ಬೇಕಿಲ್ಲ, ಶ್ರೀಯವರೂ ಬೇಕಿಲ್ಲ. ತಪ್ಪಿತಸ್ಥನೆಂದು ಬಲ್ಲವನಿಗಾಗಿಯೂ ಮರುಗಬಲ್ಲ ಶಕ್ತಿಯನ್ನು ರುದ್ರನಾಟಕ ಕಲಿಸುತ್ತದೆ. ಹದಿನೈದರ ವಯಸ್ಸಿನಲ್ಲಿ ಅದನ್ನು ಕಲಿಯದವರು ಮುಂದೆ ಎಲ್ಲಿ ಕಲಿತಾರು?

ಅಂದು ಹೊರಡುವ ಮುನ್ನ, ದುಶ್ಶಾಸನನ ಶವದೆದುರು ದುರ್ಯೋಧನ ಮರುಗುವ ಪದ್ಯವನ್ನು ಓದಿ ಬಿಡಿಸಿ ಹೇಳಿದೆ. ತಾಯ ಹಾಲಿನಿಂದ ಮೊದಲ್ಗೊಂಡು ಎಲ್ಲದರಲ್ಲೂ ಅಣ್ಣನ ಅನಂತರವೇ ಇದ್ದ ತಮ್ಮ, ಸಾವಿನಲ್ಲಿ ಮಾತ್ರ ಕ್ರಮ ತಪ್ಪಿಸಿ ಮುಂದೆ ಹೋದ. ಗದೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಹಾಗಾದ್ರೆ ಅವನು ಕೆಟ್ಟವನಲ್ವಾ ಸಾರ್?’

ಪಾಠ ಆರಂಭವಾಗಬೇಕಾದದ್ದು ಆ ಪ್ರಶ್ನೆಯಿಂದ. ಅಷ್ಟರಲ್ಲಿ ಬಹುಮಾನ ವಿತರಣೆಗೆ ಕರೆ ಬಂತು.